ಹಾಫ್-ಟನ್ ಪಿಕಪ್ ಹಿಂದೆ ಟ್ರೇಲರ್ ಓಲಾಡ್ತಿದ್ಯಾ? ಹೊಸ ಹಿಚ್ ತಗೊಳ್ಳೋಕೆ ಮುಂಚೆ ತೂಕ ಹಾಕ್ಸಿ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಟ್ರಾವೆಲ್ ಟ್ರೇಲರ್ (ಪಿಕಪ್ ಹಿಂದೆ ಎಳ್ಕೊಂಡು ಹೋಗೋ ಚಿಕ್ಕ ಮನೆ) ಇಟ್ಕೊಂಡಿರೋ ನಮ್ಮ ಕನ್ನಡದವ್ರು ಯಾರೇ ಸಿಕ್ಲಿ, ಸ್ವಲ್ಪ ಹೊತ್ತು ಮಾತಾಡಿದ್ಮೇಲೆ ಬರೋ ಪ್ರಶ್ನೆ ಒಂದೇ. 55 ಮೈಲಿ ಸ್ಪೀಡಿನ ತನಕ ಚೆನ್ನಾಗೇ ಹೋಗುತ್ತೆ, 60 ದಾಟಿದ್ರೆ ಅಥವಾ ಪಕ್ಕದಲ್ಲಿ ದೊಡ್ಡ ಸೆಮಿ ಟ್ರಕ್ ಹಾದು ಹೋದ್ರೆ ಹಿಂದೆ ಟ್ರೇಲರ್ ಬಾಲ ಆಡಿಸೋಕೆ ಶುರು ಮಾಡುತ್ತೆ, ಯಾವ ಹಿಚ್ (ಟ್ರಕ್ಕಿಗೆ ಟ್ರೇಲರ್ ಸೇರಿಸೋ ಕೊಂಡಿ) ತಗೊಂಡ್ರೆ ಸರಿಹೋಗುತ್ತೆ ಅಂತ. ನನ್ನ ಉತ್ತರಾನೂ ಒಂದೇ, ಹಿಚ್ಚಿಗೆ ದುಡ್ಡು ಸುರಿಯೋಕೆ ಮುಂಚೆ ಟ್ರಕ್ ಸ್ಟಾಪಿಗೆ ಹೋಗಿ ತೂಕ ಹಾಕ್ಸಿ. ಯಾಕಂದ್ರೆ ಓಲಾಟಕ್ಕೆ ಕಾರಣ ಬಹಳ ಸಲ ಹಿಚ್ಚಲ್ಲಿ ಇರಲ್ಲ, ಸಾಮಾನು ಎಲ್ಲಿ ಇಟ್ಟಿದ್ದೀರ ಅನ್ನೋದ್ರಲ್ಲಿರುತ್ತೆ, ಮತ್ತೆ ಎಫ್-150, ಸಿಲ್ವರಾಡೋ 1500, ರ್ಯಾಮ್ 1500, ಟಂಡ್ರಾ ಥರದ ಹಾಫ್-ಟನ್ ಗಾಡಿಗಳಲ್ಲಿ (ದೊಡ್ಡ ಪಿಕಪ್‌ಗಳಲ್ಲಿ ಹಗುರ ವರ್ಗ) ಆ ಸಾಮಾನು ಸರಿ ಮಾಡೋಕೆ ಹೋದ್ರೆ ಇನ್ನೊಂದು ಕಡೆ ಲಿಮಿಟ್ ಹೊಡೆಯುತ್ತೆ, ಅದನ್ನ ಯಾರೂ ಮುಂಚೆ ಹೇಳಿರಲ್ಲ.

ಮೊದಲು ಇದೊಂದು ಓದ್ಕೊಂಡ್ಬಿಡಿ, ಮಿಕ್ಕಿದ್ದು ಆಮೇಲೆ. ಓಡಿಸ್ತಾ ಇರೋವಾಗ್ಲೇ ಓಲಾಟ ಶುರುವಾದ್ರೆ ಆಕ್ಸಿಲರೇಟರ್ ಇಂದ ಕಾಲು ತೆಗೀರಿ, ಸ್ಟೀರಿಂಗ್ ನೇರ ಹಿಡ್ಕೊಳ್ಳಿ, ಅದು ಎಡಕ್ಕೆ ಹೋದಾಗ ಬಲಕ್ಕೆ ತಿರುಗಿಸೋದು ಬಲಕ್ಕೆ ಬಂದಾಗ ಎಡಕ್ಕೆ ತಿರುಗಿಸೋದು ಮಾಡ್ಲೇಬೇಡಿ, ನಿಮ್ಮ ಕೈ ಯಾವಾಗ್ಲೂ ಅರ್ಧ ಸೆಕೆಂಡ್ ಲೇಟು, ಓಲಾಟ ಇನ್ನೂ ಜಾಸ್ತಿ ಆಗುತ್ತೆ. ಟ್ರಕ್ಕಿನ ಬ್ರೇಕ್ ಜೋರಾಗಿ ತುಳೀಬೇಡಿ. ಡ್ರೈವರ್ ಹತ್ರ ಇರೋ ಟ್ರೇಲರ್ ಬ್ರೇಕ್ ಕಂಟ್ರೋಲರ್ ಮೇಲೆ ಕೈಯಲ್ಲಿ ಒತ್ತೋ ಲಿವರ್ ಇರುತ್ತಲ್ಲ, ಅದನ್ನ ಮೆಲ್ಲಗೆ ಒತ್ತಿದ್ರೆ ಟ್ರೇಲರ್ ಬ್ರೇಕ್ ಮಾತ್ರ ಹಿಡಿಯುತ್ತೆ, ಹಿಂದಿಂದ ಎಳೆದ ಹಾಗಾಗಿ ಗಾಡಿ ನೇರ ಆಗುತ್ತೆ. ಸ್ಪೀಡ್ ಜಾಸ್ತಿ ಮಾಡಿ ಎಳೆದುಬಿಡಿ ಅಂತ ಹೇಳೋರು ಇನ್ನೂ ಇದ್ದಾರೆ, ಕೇಳಬೇಡಿ, ಓಲಾಟ ಬೆಳೆಯೋದೇ ಸ್ಪೀಡಿನ ಜೊತೆ. ಆ ಲಿವರ್ ಎಲ್ಲಿದೆ ಅಂತ ಕಣ್ಣು ಮುಚ್ಕೊಂಡು ಮುಟ್ಟೋ ಅಷ್ಟು ಅಭ್ಯಾಸ ಮಾಡ್ಕೊಳ್ಳಿ, ಪಕ್ಕದ ಸೀಟಲ್ಲಿ ಕೂತ್ಕೊಳ್ಳೋರಿಗೂ ತೋರ್ಸಿ.

ಈಗ ದೋಷ ಹುಡುಕೋ ವಿಷಯ. "ಗಾಡಿ ಅಲ್ಲಾಡುತ್ತೆ" ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಅಲ್ಲಾಡೋದ್ರಲ್ಲಿ ಬೇರೆ ಬೇರೆ ಥರ ಇದೆ, ಅದನ್ನ ಬಿಡಿಸಿ ನೋಡ್ಲಿಲ್ಲ ಅಂದ್ರೆ ತಪ್ಪು ಜಾಗದಲ್ಲಿ ಕೈ ಹಾಕ್ತೀರ. ಸೆಮಿ ಹಾದು ಹೋಗುವಾಗ ಒಂದು ಸಲ ಆಚೆ ತಳ್ಳಿ ಒಂದು ಸಲ ಈಚೆ ಎಳೆದು ತಾನಾಗೇ ನಿಂತ್ರೆ ಅದು ಗಾಳಿಯ ಒತ್ತಡ, ಎತ್ತರದ ಡಬ್ಬಿ ಎಳೀತಾ ಇದ್ದೀರ ಅಂದ್ಮೇಲೆ ಸ್ವಲ್ಪ ಇದ್ದೇ ಇರುತ್ತೆ. ತಳ್ಳಿದ್ಮೇಲೆ ಎರಡು ಮೂರು ನಾಲ್ಕು ಸಲ ಆಚೆ ಈಚೆ ಹೋಗಿ ನಿಧಾನಕ್ಕೆ ನಿಲ್ಲುತ್ತೆ, ಅಥವಾ ನಿಲ್ಲೋದೇ ಇಲ್ಲ ಅಂದ್ರೆ ಅದು ನಿಜವಾದ ಸ್ವೇ, ಈ ಬರಹದ ಮುಖ್ಯ ವಿಷಯ ಅದೇ. ಸೇತುವೆ ಜಾಯಿಂಟ್ ದಾಟಿದ್ಮೇಲೆ ಮೂತಿ ಮೇಲೆ ಕೆಳಗೆ ಕುಣಿದ್ರೆ ಅದು ಬೇರೆ, ಅಲ್ಲಿ ಹಿಚ್ ಮೇಲಿನ ಭಾರನ ಮುಂದಕ್ಕೂ ಹಿಂದಕ್ಕೂ ಹಂಚೋ ವೆಯ್ಟ್ ಡಿಸ್ಟ್ರಿಬ್ಯೂಷನ್ ಬಾರ್‌ಗಳ ಬಿಗಿ ಸಾಲದು ಅಥವಾ ಹಿಂದಿನ ಶಾಕ್ ಅಬ್ಸಾರ್ಬರ್ ಸುಸ್ತಾಗಿದೆ. ಸ್ಟೀರಿಂಗ್ ತೇಲಿದ ಹಾಗೆ ಹಗುರ ಇದ್ದು ಎದುರು ಬರೋರು ಹೈ ಬೀಮ್ ಅಂದ್ಕೊಂಡು ಲೈಟ್ ಹೊಡೀತಾ ಇದ್ರೆ ಟ್ರಕ್ಕಿನ ಮುಂದಿನ ಆಕ್ಸಲ್ (ಚಕ್ರದ ಅಚ್ಚು) ಮೇಲೆ ಭಾರ ಕಮ್ಮಿ ಆಗಿದೆ. ಯಾವಾಗ್ಲೂ ಒಂದೇ ಕಡೆ ಎಳೀತಾ ಇದ್ರೆ ಟ್ರೇಲರ್ ಚಕ್ರದ ಹತ್ರ ಹೋಗಿ ನೋಡ್ಬೇಕು.

ಇನ್ನೊಂದು ಸುಳಿವು ತುಂಬ ಉಪಯೋಗಕ್ಕೆ ಬರುತ್ತೆ. "ಹೋಗುವಾಗ ಏನೂ ಇರ್ಲಿಲ್ಲ, ವಾಪಸ್ ಬರ್ತಾ ಓಲಾಡ್ತು" ಅಂತ ಯಾರಾದ್ರೂ ಹೇಳಿದ್ರೆ ನಾನು ಮೊದಲು ಕೇಳೋದು ಬಾತ್‌ರೂಮ್ ಟ್ರೇಲರಿನ ಯಾವ ತುದಿಯಲ್ಲಿದೆ, ಡಂಪ್ ಸ್ಟೇಷನ್‌ನಲ್ಲಿ ಟ್ಯಾಂಕ್ ಖಾಲಿ ಮಾಡಿ ಬಂದ್ರಾ ಅಂತ. ಒಂದು ಗ್ಯಾಲನ್ ನೀರು 8.34 ಪೌಂಡ್, ಆಕ್ಸಲ್ ಹಿಂದೆ ಇರೋ ಬ್ಲಾಕ್ ಟ್ಯಾಂಕ್ (ಟಾಯ್ಲೆಟ್ ಕೊಳೆ ನೀರಿನದು) ತುಂಬಿದ್ದು, ಮುಂದೆ ಇಟ್ಟಿದ್ದ ಊಟದ ಸಾಮಾನು ಖಾಲಿ ಆಗಿದ್ದು, ಎರಡೂ ಸೇರಿ ಹೋಗುವಾಗಿನ ಬ್ಯಾಲೆನ್ಸೇ ಬೇರೆ ಬರುವಾಗಿನದೇ ಬೇರೆ ಆಗಿರುತ್ತೆ.

ಹಳ್ಳಿ ಕಡೆ ಎತ್ತಿನ ಗಾಡಿಗೆ ಹುಲ್ಲೋ ಮೂಟೆನೋ ಹೇರೋರನ್ನ ನೋಡಿದ್ರೆ ಇದು ಬೇಗ ಅರ್ಥ ಆಗುತ್ತೆ, ಹಿಂಭಾರ ಜಾಸ್ತಿ ಆದ್ರೆ ಮೂಕಿ ಮೇಲೇಳುತ್ತೆ, ಮುಂಭಾರ ಜಾಸ್ತಿ ಆದ್ರೆ ಎತ್ತಿನ ಹೆಗಲಿಗೆ ಹೊರೆ, ಗಾಡಿ ಹೊಡೆಯೋನು ಮೂಟೆ ಹಿಂದೆ ಮುಂದೆ ಸರಿಸಿ ಸರಿಸಿ ಹದ ನೋಡ್ತಾನೆ. ಟ್ರೇಲರ್ ಮೂತಿ ಹಿಚ್ ಬಾಲ್ ಮೇಲೆ ಕೂರೋ ಭಾರಕ್ಕೆ ಟಂಗ್ ವೆಯ್ಟ್ ಅಂತಾರೆ, ಅದು ಟ್ರೇಲರಿನ ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಇರ್ಬೇಕು, ಟ್ರಾವೆಲ್ ಟ್ರೇಲರ್‌ಗೆ 12-13ರ ಹತ್ರ ಇದ್ರೆ ನಂಗೆ ನೆಮ್ಮದಿ. 10ಕ್ಕಿಂತ ಕೆಳಗೆ ಇಳಿದ್ರೆ ಗಾಡಿ ಬಾಲ ಆಡಿಸೋ ಸ್ವಭಾವ ತಗೊಳ್ಳುತ್ತೆ. ಬ್ರೋಶರಲ್ಲಿ ಬರೆದಿರೋ ಹಿಚ್ ವೆಯ್ಟ್ ನಂಬ್ಕೋಬೇಡಿ, ಅದು ಖಾಲಿ ಟ್ರೇಲರಿನ ಲೆಕ್ಕ, ನಿಮ್ಮ ಪಾತ್ರೆ ಪಗಡೆ, ನೀರು, ಸೈಕಲ್ಲು ಯಾವುದೂ ಅದರಲ್ಲಿ ಇಲ್ಲ.

ತೂಕ ಹಾಕಿಸೋದು ಕಷ್ಟ ಏನಲ್ಲ. ಪೈಲಟ್, ಲವ್ಸ್ ಥರದ ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅನ್ನೋ ಗಾಡಿ ತೂಕದ ಯಂತ್ರ ಇರುತ್ತೆ, ಮೊದಲ ತೂಕಕ್ಕೆ ಒಂದು ಫ್ಯಾಮಿಲಿ ಪಿಜ್ಜಾಗಿಂತ ಕಮ್ಮಿ ದುಡ್ಡು, 24 ಗಂಟೆ ಒಳಗೆ ಅಲ್ಲೇ ಮತ್ತೆ ಹಾಕಿಸಿದ್ರೆ ಇನ್ನೂ ಕಮ್ಮಿ. ಫೋನ್ ಆಪಲ್ಲೇ ಮಾಡ್ಕೋಬಹುದು, ಕೆಳಗಿಳಿದು ಬಟನ್ ಒತ್ತೋ ತಾಪತ್ರಯ ಇಲ್ಲ. ಟ್ರಕ್ಕಿನ ಮುಂದಿನ ಚಕ್ರ ಒಂದು ಹಲಗೆ ಮೇಲೆ, ಹಿಂದಿನ ಚಕ್ರ ಇನ್ನೊಂದು ಹಲಗೆ ಮೇಲೆ, ಟ್ರೇಲರ್ ಚಕ್ರಗಳು ಮೂರನೇದರ ಮೇಲೆ ನಿಲ್ಲಿಸಿ. ಮೂರು ಸಲ ಹಾಕಿಸ್ಬೇಕು: ಟ್ರೇಲರ್ ಹಾಕಿ ಬಾರ್ ಬಿಗಿಸಿ ಒಂದ್ಸಲ, ಅಲ್ಲೇ ಪಕ್ಕದಲ್ಲಿ ಬಾರ್ ಬಿಚ್ಚಿ ಇನ್ನೊಂದ್ಸಲ, ಕೊನೆಗೆ ಟ್ರೇಲರ್ ಪಾರ್ಕಿಂಗಲ್ಲಿ ಬಿಟ್ಟು ಟ್ರಕ್ ಒಂದೇ. ಬಾರ್ ಬಿಚ್ಚಿ ಓಡಿಸೋದು ಆ ಲಾಟ್ ಒಳಗೆ ಮಾತ್ರ, ಸೇಫ್ಟಿ ಚೈನ್ ಹಾಕಿರ್ಲಿ, ಹೈವೇಗೆ ಹಾಗೇ ಹೋಗ್ಬೇಡಿ. ಮುಖ್ಯವಾಗಿ ನೀವು ನಿಜವಾಗಿ ಟ್ರಿಪ್ ಹೊರಡೋ ಹಾಗೇ ಲೋಡ್ ಆಗಿರ್ಬೇಕು, ಟ್ರಕ್ಕಿಗೆ ಪೆಟ್ರೋಲ್ ಫುಲ್, ಹೆಂಡ್ತಿ ಮಕ್ಕಳು ಒಳಗೆ, ಕೂಲರ್ ಟ್ರಕ್ಕಿನ ಹಿಂದಿನ ಬೆಡ್ಡಲ್ಲಿ.

ಒಂದು ಸೆಟಪ್ಪಿನ ಲೆಕ್ಕ ಹಾಕಿ ತೋರಿಸ್ತೀನಿ, 26 ಅಡಿ ಟ್ರೇಲರ್, ಹಾಫ್-ಟನ್ ಕ್ರೂ ಕ್ಯಾಬ್, ನಾಲ್ಕು ಜನದ ಸಂಸಾರ, 60 ದಾಟಿದ್ರೆ ಓಲಾಟ. ಬಾರ್ ಬಿಗಿಸಿದಾಗ ಮುಂದಿನ ಆಕ್ಸಲ್ 3120, ಹಿಂದಿನದು 3260, ಟ್ರೇಲರ್ 6220 ಪೌಂಡ್. ಬಾರ್ ಬಿಚ್ಚಿದಾಗ 2980, 3480, 6140. ಎರಡರಲ್ಲೂ ಒಟ್ಟು 12600. ಟ್ರಕ್ ಒಂದೇ ನಿಂತಾಗ ಮುಂದೆ 3240, ಹಿಂದೆ 2660, ಒಟ್ಟು 5900. ಹಂಗಾದ್ರೆ ಟ್ರೇಲರ್ ತೂಕ 12600ರಲ್ಲಿ 5900 ಕಳೆದ್ರೆ 6700. ಬಾರ್ ಇಲ್ಲದೆ ಟ್ರಕ್ಕಿನ ಎರಡೂ ಆಕ್ಸಲ್ ಸೇರಿ 6460, ಅದರಲ್ಲಿ 5900 ಕಳೀರಿ, 560 ಉಳೀತು, ಅದೇ ಟಂಗ್ ವೆಯ್ಟ್. 6700ಕ್ಕೆ 560 ಅಂದ್ರೆ ಎಂಟೂವರೆ ಪರ್ಸೆಂಟೂ ಇಲ್ಲ. ಸಿಕ್ಕಿಬಿತ್ತು.

ಇದೇ ಚೀಟಿಯಲ್ಲಿ ಹಿಚ್ ಸರಿ ಇದ್ಯಾ ಅನ್ನೋದೂ ಗೊತ್ತಾಗುತ್ತೆ. ಟ್ರೇಲರ್ ಕೂತಾಗ ಮುಂದಿನ ಆಕ್ಸಲ್ 3240ರಿಂದ 2980ಕ್ಕೆ ಇಳೀತು, 260 ಹೋಯ್ತು, ಬಾರ್ ಬಿಗಿಸಿದ್ಮೇಲೆ 3120ಕ್ಕೆ ಬಂತು, 140 ವಾಪಸ್ ಸಿಕ್ತು, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಎಷ್ಟು ವಾಪಸ್ ಬರ್ಬೇಕು ಅಂತ ನಿಮ್ಮ ಟ್ರಕ್ಕಿನ ಓನರ್ಸ್ ಮ್ಯಾನ್ಯುವಲ್‌ನಲ್ಲಿ ಬರೆದಿರುತ್ತೆ, ಗಾಡಿಯಿಂದ ಗಾಡಿಗೆ ಬೇರೆ, ಇತ್ತೀಚಿನ ಎಷ್ಟೋ ಗಾಡಿಗಳಿಗೆ ಅರ್ಧ ಬಂದ್ರೆ ಸಾಕು. ಅಂದ್ರೆ ಈ ಸಂಸಾರದ ಹಿಚ್ಚಲ್ಲಿ ದೋಷ ಇರ್ಲೇ ಇಲ್ಲ, ಇನ್ನೂ ದುಬಾರಿ ಹಿಚ್ ತಂದಿದ್ರೂ ಎಂಟು ಪರ್ಸೆಂಟ್ ಎಂಟೇ ಆಗಿರ್ತಿತ್ತು. ಫ್ರಿಕ್ಷನ್ ಬಾರ್ (ಉಜ್ಜಾಟದಿಂದ ತಡೆಯೋ ಬಾರ್) ಓಲಾಟನ ಸ್ವಲ್ಪ ಕಾಲ ಹಿಡಿದಿಡುತ್ತೆ, ಆಮೇಲೆ ಒಂದು ದಿನ ಇಳಿಜಾರಲ್ಲಿ ಗಾಳಿ ಬಂದಾಗ ಅದರ ಕೈ ಮೀರಿ ಹೋಗುತ್ತೆ. ಡ್ಯಾಶ್‌ಬೋರ್ಡಲ್ಲಿ ಟ್ರೇಲರ್ ಸ್ವೇ ಕಂಟ್ರೋಲ್ ಅಂತ ಮೆಸೇಜ್ ಬಂದ್ರೂ ಅಷ್ಟೇ, ಟ್ರಕ್ಕು ತಾನೇ ಇಂಜಿನ್ ಪವರ್ ಇಳಿಸಿ ಬ್ರೇಕ್ ಹಾಕಿ ನಿಮ್ಮನ್ನ ಉಳಿಸಿದೆ ಅಂತ ಅರ್ಥ, ದಯವಿಟ್ಟು ಮುಂದಿನ ಎಕ್ಸಿಟಲ್ಲಿ ಇಳಿದು ಕಾರಣ ಹುಡುಕಿ.

ಸರಿ, ಟಂಗ್ ಯಾಕೆ ಹಗುರ ಆಯ್ತು? ಹಿಂದಿನ ಬಂಪರ್ ಮೇಲೆ ರ್‍ಯಾಕ್ ಹಾಕಿ ಸೈಕಲ್ ಕಟ್ಟಿದ್ರು, ಎಲ್ಲಾ ಸೇರಿ 120 ಪೌಂಡ್, ಆಕ್ಸಲ್ಲಿಂದ ಅಷ್ಟು ದೂರ ನೇತಾಡೋ ಭಾರ ಮುಂದೆ 90 ಪೌಂಡ್ ಹತ್ರ ಎತ್ತಿಬಿಡುತ್ತೆ. (ಆ ಬಂಪರ್ ತೆಳು ತಗಡಿನ ಚೌಕದ ಕೊಳವೆ, ಸ್ಯೂಯರ್ ಪೈಪ್ ಇಡೋಕೆ ಮಾಡಿದ್ದು, ಸೈಕಲ್ ಸಮೇತ ಕಿತ್ಕೊಂಡು ಬಿದ್ದಿರೋದು ಇದೆ, ಅದಕ್ಕೇ ಬೇಡ.) ಆಮೇಲೆ ಕ್ಯಾಂಪ್‌ಗ್ರೌಂಡಲ್ಲಿ ನೀರು ಇದ್ರೂ ಇರ್ಲಿ ಅಂತ 40 ಗ್ಯಾಲನ್ ಫ್ರೆಶ್ ವಾಟರ್ ತುಂಬಿದ್ರು, ಅದು 334 ಪೌಂಡ್, ಆ ಮಾಡೆಲ್ಲಲ್ಲಿ ಟ್ಯಾಂಕ್ ಆಕ್ಸಲ್ ಹಿಂದೆ. ಎಲ್ಲಾ ಟ್ರೇಲರಲ್ಲೂ ಹಿಂದೇನೇ ಇರಲ್ಲ, ಮುಂದೆ ಇದ್ರೆ ನೀರು ತುಂಬಿದಾಗ ಟಂಗ್ ಭಾರ ಆಗುತ್ತೆ, ಬಗ್ಗಿ ನೋಡಿ ತಿಳ್ಕೊಳ್ಳಿ. ನೀರು ಖಾಲಿ ಮಾಡಿ, ಸೈಕಲ್ ಒಳಗೆ ಆಕ್ಸಲ್ ಮೇಲೆ ಮಲಗಿಸಿ, ಹಿಂದಿನ ಬಂಕ್ ಕೆಳಗಿದ್ದ ಟೂಲ್ ಬಾಕ್ಸು ಕುರ್ಚಿ ಎಲ್ಲಾ ಮುಂದಿನ ಪಾಸ್-ಥ್ರೂ (ಎಡದಿಂದ ಬಲಕ್ಕೆ ಅಡ್ಡಲಾಗಿರೋ ಸಾಮಾನು) ಡಬ್ಬಿಗೆ ಹಾಕಿದ್ಮೇಲೆ ಟ್ರೇಲರ್ 6380, ಟಂಗ್ 780, ಅಂದ್ರೆ 12 ಪರ್ಸೆಂಟ್ ದಾಟ್ತು.

ಇಲ್ಲಿಗೆ ಮುಗೀತು ಅಂದ್ಕೊಂಡ್ರೆ ತಪ್ಪು, ಹಾಫ್-ಟನ್ ಟ್ರಕ್ಕಿನ ನಿಜವಾದ ಕಥೆ ಇಲ್ಲಿಂದ. ಡ್ರೈವರ್ ಬಾಗಿಲು ತೆಗೆದ್ರೆ ಕಂಬದ ಮೇಲೆ ಹಳದಿ ಪಟ್ಟಿ ಇರೋ ಟೈರ್ ಸ್ಟಿಕ್ಕರ್ ಕಾಣುತ್ತೆ, ಒಳಗಿನ ಜನ ಮತ್ತೆ ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ, ಅದೇ ನಿಮ್ಮ ಗಾಡಿಯ ಪೇಲೋಡ್. ನಿಮ್ಮದೇ ಗಾಡಿಯದು, ಅದೇ ಮಾಡೆಲ್ ಪಕ್ಕದ ಮನೆಯವರದು ಬೇರೆ ಇರುತ್ತೆ, ಸನ್‌ರೂಫು, ಫೋರ್ ವೀಲ್ ಡ್ರೈವು, ದೊಡ್ಡ ಸೀಟು ಎಲ್ಲಾ ಅದರಲ್ಲೇ ಕಳೆಯುತ್ತೆ. ಈ ಟ್ರಕ್ಕಿನದು 1520. ಜನ, ಕೂಲರ್, ಜನರೇಟರ್, ಹಿಚ್ಚು ಸೇರಿ ಆಗ್ಲೇ 760 ಪೌಂಡ್ ಟ್ರಕ್ಕಲ್ಲಿದೆ. ಟಂಗ್ ವೆಯ್ಟೂ ಟ್ರಕ್ಕಿಗೆ ಸಾಮಾನೇ. ಮುಂಚೆ 760ಕ್ಕೆ 560 ಸೇರಿ 1320, ಲಿಮಿಟ್ ಒಳಗೆ. ಟಂಗ್ ಸರಿ ಮಾಡಿದ್ಮೇಲೆ 760ಕ್ಕೆ 780, 1540, ಲಿಮಿಟ್ ದಾಟಿಹೋಯ್ತು! ಅಂದ್ರೆ ಟ್ರೇಲರ್ ಹಿಂಭಾರ ಇದ್ದಿದ್ದಕ್ಕೇ ಟ್ರಕ್ಕು ಕಾಗದದ ಮೇಲೆ ಸರಿ ಕಾಣ್ತಿತ್ತು. ಎಷ್ಟೋ ಜನ ಇಲ್ಲೇ ದಾರಿ ತಪ್ಪೋದು, ಟ್ರಕ್ಕಿನ ಹಿಂಭಾಗ ಕುಸೀತಾ ಇದೆ ಅಂತ ಸಾಮಾನೆಲ್ಲಾ ಟ್ರೇಲರ್ ಹಿಂದಕ್ಕೆ ತಳ್ತಾರೆ, ಟ್ರಕ್ಕು ನೆಟ್ಟಗೆ ನಿಲ್ಲುತ್ತೆ, ನೋಡೋಕೆ ಚೆಂದ, ಓಡಿಸೋಕೆ ಅಪಾಯ. ಹಿಂದಿನ ಸ್ಪ್ರಿಂಗಿಗೆ ಆಸರೆ ಕೊಡೋ ಏರ್ ಬ್ಯಾಗ್ ಹಾಕಿಸಿದ್ರೂ ಪೇಲೋಡ್ ಒಂದು ಪೌಂಡೂ ಜಾಸ್ತಿ ಆಗಲ್ಲ, ಎತ್ತರ ಮಾತ್ರ ಆಗುತ್ತೆ.

ಇದಕ್ಕೆ ಪರಿಹಾರ, ಬೆಡ್ಡಲ್ಲಿದ್ದ ಕೂಲರ್ ಮತ್ತೆ ಜನರೇಟರ್, 140 ಪೌಂಡ್, ಟ್ರೇಲರ್ ಒಳಗೆ ಸರಿಯಾಗಿ ಆಕ್ಸಲ್ ಮೇಲೆ ಇಟ್ರು (ಜನರೇಟರಿನ ಪೆಟ್ರೋಲ್ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಮಲಗೋ ಜಾಗದಲ್ಲಿ ಪೆಟ್ರೋಲ್ ಹೊಗೆ ಇರ್ಬಾರ್ದು). ಟ್ರೇಲರ್ 6520 ಆಯ್ತು, ಅದರ ಗರಿಷ್ಠ ತೂಕ 7600, ತೊಂದ್ರೆ ಇಲ್ಲ. ಟಂಗ್ 780 ಅಷ್ಟೇ ಇತ್ತು, 12 ಪರ್ಸೆಂಟ್. ಟ್ರಕ್ಕಲ್ಲಿ 620ಕ್ಕೆ 780, 1400. ಈಗ ಎರಡೂ ಸರಿ.

ಟ್ರಕ್ ಮಾರುವಾಗ ಹೇಳೋ 11000 ಪೌಂಡ್ ಎಳೆಯುತ್ತೆ ಅನ್ನೋ ಮಾತು ಸುಳ್ಳಲ್ಲ, ಎಸ್‌ಎಇ ಜೆ2807 ಅನ್ನೋ ಸ್ಟ್ಯಾಂಡರ್ಡ್ ಪ್ರಕಾರ ಅರಿಝೋನಾದ ಡೇವಿಸ್ ಡ್ಯಾಮ್ ಏರು ಹತ್ತೋದೂ ಅದರಲ್ಲಿ ಬರುತ್ತೆ. ಆದ್ರೆ ಆ ಲೆಕ್ಕದಲ್ಲಿ ಟ್ರಕ್ಕಿನೊಳಗೆ 150 ಪೌಂಡಿನ ಇಬ್ಬರು ಮಾತ್ರ, ಟಂಗ್ 10 ಪರ್ಸೆಂಟ್. ಇಂಜಿನ್ನಿಗೆ ಶಕ್ತಿ ಇದೆ, ಹಿಂದಿನ ಸ್ಪ್ರಿಂಗು ಆಕ್ಸಲ್ಲು ಟೈರಿಗೆ ನಿಮ್ಮ ಸಂಸಾರದ ಜೊತೆ ಅದನ್ನ ಹೊರೋ ಜಾಗ ಇಲ್ಲ. ಹಾಫ್-ಟನ್ನಲ್ಲಿ ಮೊದಲು ಮುಗಿಯೋದು ಪೇಲೋಡೇ, ಎಳೆಯೋ ಶಕ್ತಿ ಅಲ್ಲ. ಜೊತೆಗೆ ರಿಸೀವರ್ (ಟ್ರಕ್ಕಿನ ಹಿಂದೆ ಹಿಚ್ ಕೂರೋ ಚೌಕದ ತೂತು) ಮೇಲಿನ ಸ್ಟಿಕ್ಕರೂ ನೋಡಿ, ಬಹಳ ಹಾಫ್-ಟನ್‌ಗಳಲ್ಲಿ ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಇಲ್ಲದೆ 5000 ಪೌಂಡ್ ಟ್ರೇಲರು, 500 ಪೌಂಡ್ ಟಂಗು ಅಷ್ಟೇ ಅಂತ ಬರೆದಿರುತ್ತೆ.

ತೂಕ ಸರಿ ಇದ್ದೂ ಓಲಾಡ್ತಾ ಇದ್ರೆ ಟೈರ್ ನೋಡಿ. ಟ್ರೇಲರಿನ ಎಸ್‌ಟಿ (ಟ್ರೇಲರ್‌ಗಂತಲೇ ಮಾಡಿದ) ಟೈರಿಗೆ ಪಕ್ಕದಲ್ಲಿ ಬರೆದಿರೋ ಗರಿಷ್ಠ ಗಾಳಿ ತಣ್ಣಗಿರುವಾಗ ಹಾಕ್ಬೇಕು, ಸಾಮಾನ್ಯವಾಗಿ ಲೋಡ್ ರೇಂಜ್ ಸಿ ಆದ್ರೆ 50, ಡಿ ಆದ್ರೆ 65, ಇ ಆದ್ರೆ 80 ಪಿಎಸ್‌ಐ. ಕಮ್ಮಿ ಇದ್ರೆ ಟೈರಿನ ಪಕ್ಕೆ ಬಳುಕುತ್ತೆ, ಬಿಸಿಯಾಗಿ ಒಡೆಯೋದೂ ಅದಕ್ಕೇ. ಬೇರೆ ಏನೂ ಬರೆದಿಲ್ಲ ಅಂದ್ರೆ ಎಸ್‌ಟಿ ಟೈರ್ 65 ಮೈಲಿ ಸ್ಪೀಡಿಗೆ ಮಾಡಿದ್ದು ಅಂತಲೇ ತಿಳ್ಕೊಳ್ಳಿ. ಟೈರಿನ ಪಕ್ಕೆ ಮೇಲಿರೋ ಡಾಟ್ ನಂಬರಿನ ಕೊನೇ ನಾಲ್ಕು ಅಂಕಿ ತಯಾರಾದ ವಾರ ಮತ್ತೆ ವರ್ಷ, ಐದಾರು ವರ್ಷ ಆಗಿದ್ರೆ ಟ್ರೆಡ್ ಹೊಸದಾಗಿ ಕಂಡ್ರೂ ಬದಲಾಯಿಸಿ. ಟ್ರಕ್ಕಿಗೆ ಬರೋ ಪಿ-ಮೆಟ್ರಿಕ್ (ಕಾರಿನ ಥರದ) ಟೈರ್ ಆಫೀಸಿಗೆ ಹೋಗಿ ಬರೋಕೆ ಸುಖ, ಅದರ ಪಕ್ಕೆ ಮೆತ್ತಗೆ, ಟ್ರೇಲರ್ ತಳ್ಳಿದಾಗ ಟ್ರಕ್ಕಿನ ಹಿಂಭಾಗ ಅದರ ಮೇಲೇ ಜರಗುತ್ತೆ. ಮ್ಯಾನ್ಯುವಲ್ ಒಪ್ಪಿದ್ರೆ ಹಿಂದಿನ ಟೈರಲ್ಲಿ ಗಾಳಿ ಸ್ವಲ್ಪ ಏರಿಸಿ, ಟೈರ್ ಮೇಲೆ ಬರೆದಿರೋ ಗರಿಷ್ಠ ದಾಟಬೇಡಿ. ಹೆಂಗೂ ಟೈರ್ ಬದಲಾಯಿಸೋ ಕಾಲ ಬಂದಿದ್ರೆ ಎಲ್‌ಟಿ (ಪಕ್ಕೆ ಗಟ್ಟಿ ಇರೋ ಲೈಟ್ ಟ್ರಕ್ ಟೈರ್) ಹಾಕ್ಸಿ, ವ್ಯತ್ಯಾಸ ಮೊದಲ ತಿರುವಲ್ಲೇ ಗೊತ್ತಾಗುತ್ತೆ.

ಆಮೇಲೆ ಟ್ರೇಲರ್ ಮಟ್ಟ. ಸಮತಟ್ಟು ಜಾಗದಲ್ಲಿ ಎಲ್ಲಾ ಹಾಕಿ ಬಿಗಿಸಿ ಮುಂದಿನ ಮೂಲೆ ಹಿಂದಿನ ಮೂಲೆ ನೆಲದಿಂದ ಅಳೀರಿ, ಸಮ ಇರ್ಬೇಕು ಅಥವಾ ಮೂತಿ ಒಂಚೂರು ತಗ್ಗಿರ್ಬೇಕು. ಮೂತಿ ಮೇಲಿದ್ರೆ ಓಲಾಟಕ್ಕೆ ದಾರಿ ಮಾಡಿಕೊಟ್ಟ ಹಾಗೆ, ಶ್ಯಾಂಕಲ್ಲಿ (ಹಿಚ್ಚಿನ ತೂತುಗಳಿರೋ ಕಂಬಿ) ಹಿಚ್ ಬಾಲನ್ನ ಒಂದು ತೂತು ಕೆಳಗಿಳಿಸಿ, ಬಾರ್ ಬಿಗಿ ಮತ್ತೆ ಹೊಸದಾಗಿ ನೋಡಿ. ಬಾಲ್ ಸೈಜ್ ಕಪ್ಲರ್ (ಬಾಲ್ ಮೇಲೆ ಕೂರೋ ಟ್ರೇಲರ್ ಮೂತಿ) ಮೇಲೆ ಬರೆದಿರೋದಕ್ಕೆ ಸರಿಯಾಗಿ ಹೊಂದ್ಬೇಕು, ಎರಡೂ ಕಾಲಿಂಚಿಗಿಂತ ಸ್ವಲ್ಪ ದೊಡ್ಡದಿರೋ ಕಪ್ಲರ್ ಎರಡಿಂಚಿನ ಬಾಲ್ ಮೇಲೆ ಕೂತ ಹಾಗೆ ಕಾಣುತ್ತೆ, ಹಳ್ಳ ಬಂದಾಗ ಎದ್ದು ಹೋಗುತ್ತೆ. ಲ್ಯಾಚ್ ಹಾಕಿದ್ಮೇಲೆ ಜಾಕ್‌ನಿಂದ ಸ್ವಲ್ಪ ಮೇಲೆತ್ತಿ ನೋಡಿ, ಟ್ರಕ್ಕಿನ ಹಿಂಭಾಗಾನೂ ಜೊತೆಗೇ ಏಳ್ಬೇಕು.

ಬ್ರೇಕು ಓಲಾಟಕ್ಕೆ ಕಾರಣ ಅಲ್ಲದಿದ್ರೂ ಓಲಾಟ ನಿಲ್ಸೋದು ಅದೇ, ಅದಕ್ಕೇ ಬಿಡೋ ಹಾಗಿಲ್ಲ. ಖಾಲಿ ಪಾರ್ಕಿಂಗ್ ಲಾಟಲ್ಲಿ 20-25 ಸ್ಪೀಡಲ್ಲಿ ಹೋಗ್ತಾ ಕೈ ಲಿವರ್ ಪೂರ್ತಿ ಒತ್ತಿ, ಟ್ರೇಲರ್ ಗಟ್ಟಿಯಾಗಿ ಹಿಂದಕ್ಕೆಳೀಬೇಕು, ಚಕ್ರ ಲಾಕ್ ಆಗ್ಬಾರ್ದು, ಲಾಕ್ ಆದ್ರೆ ಕಂಟ್ರೋಲರಿನ ಗೇನ್ (ಬ್ರೇಕ್ ಎಷ್ಟು ಜೋರು ಅನ್ನೋ ಸೆಟ್ಟಿಂಗ್) ಇಳಿಸಿ, ಎಳೀಲೇ ಇಲ್ಲ ಅಂದ್ರೆ ಏರಿಸಿ. ಗೇನ್ ಕೊನೇ ತನಕ ಏರಿಸಿದ್ರೂ ಹಿಡೀತಿಲ್ಲ ಅಂದ್ರೆ ಮೊದಲು ಏಳು ಪಿನ್ನಿನ ಪ್ಲಗ್ಗಲ್ಲಿ ಹಸಿರು ಕಿಲುಬು ಹಿಡಿದಿದ್ಯಾ ನೋಡಿ, ಆಮೇಲೆ ಗ್ರೌಂಡ್ ವೈರು, ಆಮೇಲೆ ಡ್ರಮ್ ಹಿಂದೆ ಇರೋ ಅಡ್ಜಸ್ಟರ್. ತಾನಾಗೇ ಅಡ್ಜಸ್ಟ್ ಆಗದ ಬ್ರೇಕನ್ನ ವರ್ಷಗಟ್ಟಲೆ ಮುಟ್ಟದೇ ಬಿಟ್ಟಿರೋ ಟ್ರೇಲರ್‌ಗಳು ಬೇಕಾದಷ್ಟಿವೆ. ಕರೆಂಟ್ ಅಳೆಯೋಕೆ ಬಂದ್ರೆ ಸಾಮಾನ್ಯ 10 ಅಥವಾ 12 ಇಂಚಿನ ಡ್ರಮ್ಮಿಗೆ ಒಂದು ಮ್ಯಾಗ್ನೆಟ್ ಸುಮಾರು 3 ಆಂಪ್ಸ್ ತಗೊಳ್ಳುತ್ತೆ, ನಾಲ್ಕು ಚಕ್ರಕ್ಕೆ 12, ಒಂಬತ್ತೇ ಬಂದ್ರೆ ಒಂದು ಚಕ್ರ ಸತ್ತಿದೆ ಅಂತ ಲೆಕ್ಕ.

ಒಂದೇ ಕಡೆ ಎಳೆಯೋ ಗಾಡಿಗೆ, ಅರ್ಧ ಗಂಟೆ ಓಡಿಸಿ ಬ್ರೇಕ್ ಜಾಸ್ತಿ ಹಾಕದೇ ನಿಲ್ಲಿಸಿ, ಇನ್‌ಫ್ರಾರೆಡ್ ಥರ್ಮಾಮೀಟರಲ್ಲಿ ನಾಲ್ಕೂ ಹಬ್ ನೋಡಿ, ಒಂದು ಮಾತ್ರ ಉಳಿದದ್ದಕ್ಕಿಂತ ತುಂಬ ಬಿಸಿ ಇದ್ರೆ ಬ್ರೇಕ್ ಅಂಟ್ಕೊಂಡಿದೆ ಅಥವಾ ಬೇರಿಂಗ್ ಹೋಗ್ತಿದೆ. ಟೈರಿನ ಒಂದು ಅಂಚು ಮಾತ್ರ ಸವೆದಿದ್ರೆ ಆಕ್ಸಲ್ ಬಗ್ಗಿದೆ ಅಥವಾ ಅಲೈನ್‌ಮೆಂಟ್ ಇಲ್ಲ, ಅದು ಮನೇಲಿ ಮಾಡೋ ಕೆಲಸ ಅಲ್ಲ, ಟ್ರೇಲರ್ ಆಕ್ಸಲ್ ಶಾಪಿಗೆ ಕೊಡಿ.

ಇಷ್ಟೆಲ್ಲಾ ಸರಿ ಇದ್ಮೇಲೆ ಉಳಿಯೋದು ಗಾಳಿ ಮತ್ತೆ ಸ್ಪೀಡು. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯೋ ಗಾಡಿಗೆ 55 ಮೈಲಿನೇ ಲಿಮಿಟ್, ಐ-5ರಲ್ಲಿ ಕಾರುಗಳು 80ರಲ್ಲಿ ಹೋಗ್ತಾ ಇದ್ರೂ ನಮಗೆ 55, ಹಿಂದಿನವರು ಲೈಟ್ ಹೊಡೆದ್ರೆ ಹೊಡೀಲಿ. 580ರ ಆಲ್ಟಮಾಂಟ್ ಪಾಸಲ್ಲಿ ಗಾಳಿಯಂತ್ರ ಸಾಲಾಗಿ ನಿಲ್ಲಿಸಿರೋದು ಅಲ್ಲಿ ಗಾಳಿ ಅಷ್ಟಿರೋದಕ್ಕೇ, ಲಾಸ್ ಬಾನೋಸ್ ಕಡೆ ಹೋಗೋ 152ರ ಪಚೆಕೋ ಪಾಸಲ್ಲೂ, ಪಾಮ್ ಸ್ಪ್ರಿಂಗ್ಸ್ ಹತ್ರ ಐ-10ರ ಸ್ಯಾನ್ ಗೊರ್ಗೋನಿಯೋದಲ್ಲೂ ಹಂಗೇ. ಗಾಳಿ ಎಚ್ಚರಿಕೆ ಇದ್ರೆ ಬೆಳಗ್ಗೆ ಬೇಗ ದಾಟಿ ಅಥವಾ ನಿಂತು ಹೋಗಿ. ಟೋ-ಹಾಲ್ ಮೋಡ್ (ಭಾರ ಎಳೆಯೋಕೆ ಗೇರ್ ಹೊಂದಿಸೋ ಬಟನ್) ಹಾಕ್ಕೊಂಡು ಇಳಿಜಾರು ಶುರುವಾಗೋಕೆ ಮುಂಚೆನೇ ಸ್ಪೀಡ್ ಇಳಿಸಿ, ಓಲಾಟ ಹೆಚ್ಚಾಗಿ ಕೈ ಮೀರೋದು ಇಳಿಯುವಾಗ.

ಸಾಮಾನು ಜಾಗ ಬದಲಾದಾಗೆಲ್ಲಾ ತೂಕ ಮತ್ತೆ ಹಾಕ್ಸಿ. ಟಂಗ್ 12 ಪರ್ಸೆಂಟ್, ಪೇಲೋಡ್ ಒಳಗೆ, ಎಲ್‌ಟಿ ಟೈರ್, ಮಟ್ಟ ಸರಿ, ಬ್ರೇಕ್ ಸರಿ, 55 ಸ್ಪೀಡು, ಆದ್ರೂ ಪ್ರತಿ ಸೆಮಿಗೂ ಟ್ರಕ್ಕು ಎಳೆದಾಡ್ತಾ ಇದ್ರೆ ಆ ಟ್ರೇಲರ್ ಆ ಟ್ರಕ್ಕಿಗೆ ಉದ್ದ ಆಯ್ತು. ಆಗ ಇರೋದು ಎರಡೇ ದಾರಿ, ಟ್ರೇಲರ್ ಚಿಕ್ಕದು ಮಾಡೋದು ಇಲ್ಲಾ ರ್ಯಾಮ್ 2500 ಅಥವಾ ಎಫ್-250 ಥರದ ಮುಕ್ಕಾಲು ಟನ್ ಟ್ರಕ್ ತಗೊಳ್ಳೋದು. ನಾನಾದ್ರೆ ಟ್ರೇಲರ್ ಚಿಕ್ಕದು ಮಾಡ್ತೀನಿ, ಪಿಸ್ಮೋ ಬೀಚಿಗೋ ಯೊಸೆಮಿಟಿಗೋ ಹೋಗೋ ನಾಲ್ಕು ಜನಕ್ಕೆ 22 ಅಡಿ ಧಾರಾಳ ಸಾಕು, ಯೊಸೆಮಿಟಿ ಕಣಿವೆಯ ಎಷ್ಟೋ ಸೈಟ್‌ಗಳಲ್ಲಿ ಅದಕ್ಕಿಂತ ಉದ್ದದ್ದು ಹಿಡಿಯೋದೂ ಕಷ್ಟ.